ಆ ಐದು ಎಲ್ಲಿ ಹೋಯ್ತು? ಕ್ಲಾಸಿನಲ್ಲಿ ಮಕ್ಕಳ ಹಗಲುಗನಸು ಮತ್ತು ನಮ್ಮ ಗದರಿಕೆ

"ನಾನೀಗ ಏನು ಹೇಳಿದೆ?"

ಶಾಲೆಗೆ ಹೋದ ಯಾರ ಕಿವಿಗೂ ಈ ಪ್ರಶ್ನೆ ಹೊಸದಲ್ಲ. ಟೀಚರು ಬೋರ್ಡಿನ ಮೇಲೆ ಬರೆಯುತ್ತಿರುತ್ತಾರೆ. ತಿರುಗಿ ನೋಡಿದರೆ ಮೂರನೇ ಬೆಂಚಿನ ಹುಡುಗ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಾನೆ. ಪೆನ್ಸಿಲು ಕೈಯಲ್ಲೇ ಇದೆ, ಬಾಯಿ ಅರ್ಧ ತೆರೆದಿದೆ. ಟೀಚರು ಹೆಸರು ಹಿಡಿದು ಕೂಗುತ್ತಾರೆ. ಹುಡುಗ ಬೆಚ್ಚಿಬಿದ್ದು ಎದ್ದು ನಿಲ್ಲುತ್ತಾನೆ. ಆಮೇಲೆ ಈ ಪ್ರಶ್ನೆ. ಕ್ಲಾಸಿಗೆ ಕ್ಲಾಸೇ ಅವನ ಕಡೆ ತಿರುಗುತ್ತದೆ.

ಕೆಲವು ಮಕ್ಕಳು ಟೀಚರ ಕೊನೆಯ ಮೂರ್ನಾಲ್ಕು ಪದಗಳನ್ನು ಥಟ್ಟನೆ ಒಪ್ಪಿಸಿ ಪಾರಾಗುತ್ತಾರೆ. ಅವರು ಪಾಠ ಕೇಳುತ್ತಿದ್ದರು ಅಂತ ಇದರ ಅರ್ಥ ಅಲ್ಲ. ಕಿವಿಗೆ ಬಿದ್ದ ಮಾತು, ನಾವು ಗಮನ ಕೊಡದಿದ್ದರೂ, ಎರಡು ಮೂರು ಸೆಕೆಂಡು ತಲೆಯೊಳಗೆ ಉಳಿದಿರುತ್ತದೆ. ಅದನ್ನು ಹೆಕ್ಕಿ ಹೇಳುವ ಜಾಣತನ ಮಕ್ಕಳಿಗೆ ಬೇಗ ಬಂದುಬಿಡುತ್ತದೆ. ಇನ್ನು ಕೆಲವರಿಗೆ ಅದೂ ಆಗುವುದಿಲ್ಲ, ಪೆಚ್ಚು ಮೋರೆ ಹಾಕಿ ನಿಲ್ಲುತ್ತಾರೆ. ಅಂದರೆ ಈ ಪ್ರಶ್ನೆಯಿಂದ ಯಾರು ಪಾಠದಲ್ಲಿದ್ದರು, ಯಾರು ಇರಲಿಲ್ಲ ಅನ್ನುವುದು ಗೊತ್ತಾಗುವುದೇ ಇಲ್ಲ.

ನನಗೆ ಇದನ್ನು ಕಲಿಸಿದ್ದು ಒಬ್ಬಳು ಹುಡುಗಿ. ಮೂರನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತಿದ್ದೆ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ ಅಂತ ಹೇಳಿ, ಬೋರ್ಡಿನ ಮೇಲೆ 5 × 0 = 0 ಅಂತ ಬರೆದೆ. ಎಲ್ಲರೂ ಬರೆದುಕೊಂಡರು. ನಾನು ಮುಂದಿನ ಲೆಕ್ಕಕ್ಕೆ ಹೋದೆ, ಅದರ ಮುಂದಿನದಕ್ಕೂ ಹೋದೆ. ಈ ಹುಡುಗಿ ಮಾತ್ರ ಪಕ್ಕದ ಖಾಲಿ ಗೋಡೆಯನ್ನೇ ನೋಡುತ್ತಾ ಕೂತಿದ್ದಳು. ನಾನೂ ಅದೇ ಪ್ರಶ್ನೆ ಕೇಳಿದೆ. ಅವಳಿಗೆ ಹೇಳಲು ಆಗಲಿಲ್ಲ. ಪಾಠ ಮುಗಿಯುವ ತನಕ ನಿಂತೇ ಇರು ಅಂದೆ. ಬೆಲ್ ಆದಮೇಲೆ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು. "ಟೀಚರ್, ಐದನ್ನ ಸೊನ್ನೆಯಿಂದ ಗುಣಿಸಿದ್ರೆ ಸೊನ್ನೆ ಅಂದ್ರಲ್ಲ, ಹಾಗಾದ್ರೆ ಆ ಐದು ಎಲ್ಲಿ ಹೋಯ್ತು?"

ಇಡೀ ಕ್ಲಾಸಿನಲ್ಲಿ ಆ ಹೊತ್ತು ಪಾಠದ ಒಳಗೇ ಇಳಿದಿದ್ದವಳು ಅವಳು. ಬೇರೆಯವರೆಲ್ಲ ನಾನು ಬರೆದದ್ದನ್ನು ಬರೆದುಕೊಂಡಿದ್ದರು. ಇವಳು ಅದನ್ನು ನಂಬಬಹುದಾ ಅಂತ ಯೋಚಿಸುತ್ತಿದ್ದಳು. ನಾನು ಶಿಕ್ಷೆ ಕೊಟ್ಟದ್ದು ಆ ಯೋಚನೆಗೆ. ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಕಣ್ಣು ಬೋರ್ಡಿನ ಮೇಲಿದ್ದರೆ ಮನಸ್ಸೂ ಅಲ್ಲೇ ಇದೆ ಅಂತ ನಾವು ಲೆಕ್ಕ ಹಾಕುತ್ತೇವೆ. ಆದರೆ ಕಷ್ಟದ ವಿಷಯ ಯೋಚಿಸುವಾಗ ಮನುಷ್ಯರು ಬೇರೆ ಕಡೆ ನೋಡುವುದು ಸಹಜ. ದೊಡ್ಡವರಾದ ನಾವೂ ಒಂದು ಹಳೆ ಹೆಸರು ನೆನಪು ಮಾಡಿಕೊಳ್ಳಬೇಕಾದರೆ ಎದುರಿಗಿದ್ದವರ ಮುಖ ಬಿಟ್ಟು ಸೂರಿನ ಕಡೆ ನೋಡುತ್ತೇವೆ, ಅಲ್ವಾ? ಎದುರಿನ ಮುಖವನ್ನು ಓದುವುದೂ ಮಿದುಳಿಗೆ ಒಂದು ಕೆಲಸ. ಆ ಕೆಲಸ ನಿಲ್ಲಿಸಿದರೆ ಯೋಚನೆಗೆ ಜಾಗ ಸಿಗುತ್ತದೆ. ಬ್ರಿಟನ್ನಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಗ್ವೆನೆತ್ ಡೊಹರ್ಟಿ-ಸ್ನೆಡನ್ ಮತ್ತು ಜೊತೆಯವರು ಇದನ್ನು ಮಕ್ಕಳಲ್ಲಿ ಪರೀಕ್ಷೆ ಮಾಡಿದರು. ಪ್ರಶ್ನೆ ಕಷ್ಟ ಆದಷ್ಟೂ ಮಕ್ಕಳು ಕಣ್ಣು ತಪ್ಪಿಸುವುದು ಜಾಸ್ತಿ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಯೋಚಿಸುವಾಗ ಬೇರೆ ಕಡೆ ನೋಡುವ ಅಭ್ಯಾಸ ಮಾಡಿಸಿದ 5 ವರ್ಷದ ಮಕ್ಕಳು ಕಷ್ಟದ ಪ್ರಶ್ನೆಗಳಿಗೆ ಇನ್ನೂ ಚೆನ್ನಾಗಿ ಉತ್ತರ ಕೊಟ್ಟರು. "ನನ್ನ ಕಡೆ ನೋಡಿ ಹೇಳು" ಅಂತ ಪಟ್ಟು ಹಿಡಿಯುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು.

ಹಾಗಂತ ಕಿಟಕಿ ಕಡೆ ನೋಡುವ ಎಲ್ಲ ಮಕ್ಕಳೂ ಲೆಕ್ಕದ ಬಗ್ಗೆ ತಲೆ ಕೆಡಿಸಿಕೊಂಡಿರುವುದಿಲ್ಲ. ಬಹಳ ಸಲ ಮೈ ಇಲ್ಲಿ, ಮನಸ್ಸು ಎಲ್ಲೋ. ಅದೂ ಅಪರೂಪದ ವಿಷಯ ಅಲ್ಲ. 2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್, 2,250 ದೊಡ್ಡವರ ಫೋನಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ? ಬಂದ ಉತ್ತರಗಳಲ್ಲಿ 46.9 ಶೇಕಡ ಸಲ ಮನಸ್ಸು ಬೇರೆಲ್ಲೋ ಇತ್ತು. ಹೆಚ್ಚುಕಮ್ಮಿ ಅರ್ಧ. ಸಂಬಳ ತೆಗೆದುಕೊಂಡು ಕೆಲಸ ಮಾಡುವ ದೊಡ್ಡವರ ಕಥೆಯೇ ಹೀಗಿದ್ದರೆ, ಏಳೆಂಟು ವರ್ಷದ ಮಗು ಬೆಳಗಿನಿಂದ ಸಂಜೆ ತನಕ ಒಂದೇ ಕಡೆ ಮನಸ್ಸಿಟ್ಟು ಕೂರಬೇಕು ಅನ್ನುವುದು ಯಾವ ನ್ಯಾಯ?

ಇದು ಸೋಮಾರಿತನವೂ ಅಲ್ಲ. ಮಿದುಳಿನ ತೂಕ ದೇಹದ ತೂಕದ ಸುಮಾರು 2 ಶೇಕಡ. ಆದರೆ ನಾವು ಸುಮ್ಮನೆ ಕೂತಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಶೇಕಡ ಅದಕ್ಕೇ ಹೋಗುತ್ತದೆ. ಸುಮ್ನೆ ಕೂತವರ ಮಿದುಳು ಇಷ್ಟೊಂದು ಏನು ಮಾಡುತ್ತಿರುತ್ತದೆ? ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಮಿದುಳಿನ ಕೆಲವು ಭಾಗಗಳು ನಮಗೆ ಕೆಲಸ ಇಲ್ಲದಾಗಲೇ ಚುರುಕಾಗಿರುತ್ತವೆ, ಹೊರಗಿನ ಕೆಲಸ ಕೊಟ್ಟ ತಕ್ಷಣ ಸ್ವಲ್ಪ ತಣ್ಣಗಾಗುತ್ತವೆ. ಇದಕ್ಕೆ ಡೀಫಾಲ್ಟ್ ಮೋಡ್ ಅಂತ ಹೆಸರು ಬಂತು. ಹಳೆಯದನ್ನು ನೆನೆಯುವುದು, ನಾಳೆ ಏನು ಅಂತ ಊಹಿಸುವುದು, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಯೋಚಿಸುವುದು ಈ ಭಾಗಗಳ ಜೊತೆ ಸೇರಿಕೊಂಡ ಕೆಲಸಗಳು. ಏಳರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಈ ಭಾಗಗಳ ನಡುವಿನ ಸಂಪರ್ಕ ಇನ್ನೂ ಸಡಿಲ. ವಯಸ್ಸಾದ ಹಾಗೆ ಬಿಗಿಯಾಗುತ್ತದೆ. ಹೋದ ಮನಸ್ಸನ್ನು ಹಿಡಿದು ತರುವ ಮಿದುಳಿನ ಮುಂಭಾಗವಂತೂ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು.

ಇನ್ನೊಂದು ವಿಷಯ ಟೀಚರುಗಳಿಗೆ ಗೊತ್ತಿರಬೇಕು. ಮನಸ್ಸು ಎಲ್ಲೋ ಹೋಗಿದೆ ಅನ್ನುವುದು ಮೊದಲು ಮಗುವಿಗೇ ಗೊತ್ತಾಗುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಫ್ಲೇವೆಲ್ 1990ರ ದಶಕದಲ್ಲಿ ಪುಟ್ಟ ಮಕ್ಕಳ ಜೊತೆ ಮಾಡಿದ ಕೆಲಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸುಮ್ಮನೆ ಕೂತವರ ತಲೆಯಲ್ಲೂ ಯೋಚನೆ ಓಡುತ್ತಿರುತ್ತದೆ ಅನ್ನುವುದು ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಬಹಳ ಮಕ್ಕಳಿಗೆ ಹೊಳೆಯುವುದೇ ಇಲ್ಲ. 5 ವರ್ಷದವರಿಗೂ ತಾವು ಈಗಷ್ಟೇ ಏನು ಯೋಚಿಸುತ್ತಿದ್ದೆವು ಅಂತ ಹೇಳುವುದು ಕಷ್ಟ. "ಯಾವ ಲೋಕದಲ್ಲಿದ್ದೆ?" ಅಂತ ಕೇಳಿದಾಗ ಪುಟ್ಟ ಮಗು ಬಾಯಿ ಬಿಡದಿದ್ದರೆ ಅದು ಹಟ ಅಲ್ಲ. ಅದಕ್ಕೆ ನಿಜಕ್ಕೂ ಗೊತ್ತಿಲ್ಲ.

ಹಗಲುಗನಸುಗಳೂ ಎಲ್ಲ ಒಂದೇ ಜಾತಿ ಅಲ್ಲ. ಯೇಲ್‌ನ ಮನಶ್ಶಾಸ್ತ್ರಜ್ಞ ಜೆರೋಮ್ ಸಿಂಗರ್ 1950ರ ದಶಕದಿಂದ ಇದರ ಮೇಲೇ ಕೆಲಸ ಮಾಡಿದವರು. ಅವರು ಮೂರು ಬಗೆ ಗುರುತಿಸಿದರು. ಆಟ, ಕಥೆ, ಮುಂದಿನ ಯೋಜನೆ ತುಂಬಿದ ಸಂತೋಷದ ಕನಸು ಒಂದು. ತಪ್ಪು, ಸೋಲು, ಭಯ ಮತ್ತೆ ಮತ್ತೆ ಸುತ್ತುವ ಸಂಕಟದ ಕನಸು ಇನ್ನೊಂದು. ಯಾವುದರ ಮೇಲೂ ಮನಸ್ಸು ನಿಲ್ಲದೆ ಅಲೆಯುವುದು ಮೂರನೆಯದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಮನೆಯಲ್ಲಿ ರಾತ್ರಿ ಜಗಳ ನೋಡಿ ಬಂದ ಮಗು, ತಾನು ಕಟ್ಟುವ ರಾಕೆಟ್ಟಿನ ಬಗ್ಗೆ ಯೋಚಿಸುವ ಮಗು, ಇಬ್ಬರೂ ಅದೇ ಕಿಟಕಿಯ ಕಡೆ ನೋಡುತ್ತಿರುತ್ತಾರೆ. ಇಬ್ಬರಿಗೂ ಒಂದೇ ಗದರಿಕೆ ಬೀಳುತ್ತದೆ. ಮೊದಲನೇ ಮಗುವಿಗೆ ಅದು ಗಾಯದ ಮೇಲೆ ಬರೆ.

ಹಗಲುಗನಸನ್ನು ಹೊಗಳಿ ಅಟ್ಟಕ್ಕೇರಿಸುವ ಲೇಖನಗಳೂ ಈಗ ಜಾಸ್ತಿಯಾಗಿವೆ. ಅದೂ ನನಗೆ ಸರಿ ಅನ್ನಿಸುವುದಿಲ್ಲ. 2012ರ ಒಂದು ಪ್ರಯೋಗದಲ್ಲಿ, ಮಧ್ಯೆ ಮನಸ್ಸು ಅಲೆಯಲು ಬಿಡುವಂಥ ಹಗುರ ಕೆಲಸ ಮಾಡಿದವರು ಮೊದಲು ನೋಡಿದ್ದ ಸಮಸ್ಯೆಗಳಿಗೆ ಹೆಚ್ಚು ಹೊಸ ಉಪಾಯ ಹೇಳಿದರು ಅಂತ ಬಂತು. ಅದು ಎಲ್ಲ ಕಡೆ ಸುದ್ದಿಯಾಯಿತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲಿತಾಂಶ ಯಾವಾಗಲೂ ಸಿಗಲಿಲ್ಲ. ಪಾಠದ ಮಟ್ಟಿಗಂತೂ ನಷ್ಟ ನಿಜ. ಮನಸ್ಸು ಹೋದ ಹೊತ್ತಿನಲ್ಲಿ ಓದಿದ್ದು, ಕೇಳಿದ್ದು ತಲೆಗೆ ಇಳಿಯುವುದಿಲ್ಲ. ಗಣಿತದಂಥ ವಿಷಯದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದು ಸಿಗುವುದಿಲ್ಲ. ಸಿಗದಿದ್ದಾಗ ಮನಸ್ಸು ಇನ್ನಷ್ಟು ದೂರ ಹೋಗುತ್ತದೆ. ಹಾಗಾಗಿ ಮಗುವನ್ನು ಕರೆದು ತರಬೇಕು, ಅದರಲ್ಲಿ ಎರಡು ಮಾತಿಲ್ಲ. ಹೇಗೆ ಕರೆಯುತ್ತೇವೆ ಅನ್ನುವುದರಲ್ಲೇ ಎಲ್ಲ ಇದೆ.

ಕರೆಯುವ ಮೊದಲು, ಹೋಗಿದ್ದು ಯಾಕೆ ಅಂತ ಸ್ವಲ್ಪ ನೋಡಬೇಕು. ಪಾಠ ತೀರಾ ಸುಲಭ ಇದ್ದರೂ ಮನಸ್ಸು ಹೋಗುತ್ತದೆ, ತೀರಾ ಕಷ್ಟ ಇದ್ದರೂ ಹೋಗುತ್ತದೆ. ನಿದ್ದೆ ಸಾಲದಿದ್ದರೆ ಹೋಗುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಎಷ್ಟು ಮಕ್ಕಳಿಗೆ ಸಿಗುತ್ತಿದೆ? ಹಸಿವಾದರೂ ಹೋಗುತ್ತದೆ. ಬೋರ್ಡು ಮಂಜಾಗಿ ಕಾಣುವ ಮಗು ಬೋರ್ಡು ನೋಡುವುದನ್ನೇ ಬಿಡುತ್ತದೆ. ತನ್ನ ಕಣ್ಣು ಸರಿ ಇಲ್ಲ ಅಂತ ಅದು ಹೇಳುವುದಿಲ್ಲ, ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಮತ್ತೆ ಮತ್ತೆ ಶೀತವಾಗಿ ಕಿವಿಯ ಒಳಗೆ ನೀರು ತುಂಬಿಕೊಂಡ ಮಕ್ಕಳಿಗೆ ಕೆಲವು ವಾರ ಮಾತು ಗೋಡೆಯಾಚೆಯಿಂದ ಬಂದ ಹಾಗೆ ಕೇಳಿಸುತ್ತದೆ. "ಕೂಗಿದರೂ ತಿರುಗಲ್ಲ, ಏನು ಸೊಕ್ಕು" ಅನ್ನುವ ಮಾತು ಈ ಮಕ್ಕಳ ಮೇಲೆ ಎಷ್ಟು ಸಲ ಬಿದ್ದಿದೆಯೋ.

ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದ್ದು ಅಬ್ಸೆನ್ಸ್ ಸೀಜರ್ ಅನ್ನುವ ಒಂದು ಬಗೆಯ ಫಿಟ್ಸ್ ಬಗ್ಗೆ. ಫಿಟ್ಸ್ ಅಂದರೆ ನೆಲಕ್ಕೆ ಬಿದ್ದು ಕೈಕಾಲು ಅದುರುವುದು ಅಂತ ಮಾತ್ರ ನಮಗೆ ಗೊತ್ತು. ಇದು ಹಾಗಲ್ಲ. ಮಗು ಓದುತ್ತಾ ಓದುತ್ತಾ ಒಂದು ಪದದ ಮಧ್ಯದಲ್ಲೇ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ, ನೋಟ ಖಾಲಿ. ರೆಪ್ಪೆ ಸ್ವಲ್ಪ ಅದುರಬಹುದು. ಹತ್ತು ಸೆಕೆಂಡು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಆಮೇಲೆ ಏನೂ ಆಗದ ಹಾಗೆ ಓದು ಮುಂದುವರಿಸುತ್ತದೆ. ನಿಂತಿದ್ದೇ ಅದಕ್ಕೆ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ 4ರಿಂದ 10 ವರ್ಷದ ನಡುವೆ ಶುರುವಾಗುತ್ತದೆ. ಒಂದೇ ದಿನ ಹತ್ತಾರು ಸಲ ಬರಬಹುದು. ಪ್ರತಿ ಸಲ ಪಾಠದಲ್ಲಿ ಒಂದು ತೂತು ಬೀಳುತ್ತದೆ. ಹೊರಗಿನವರಿಗೆ ಇದು ಥೇಟ್ ಹಗಲುಗನಸು.

ವ್ಯತ್ಯಾಸ ಗುರುತಿಸಲು ಒಂದು ದಾರಿ ಇದೆ. ಕನಸು ಕಾಣುವ ಮಗುವಿನ ಭುಜ ಮುಟ್ಟಿದರೆ ಸಾಕು, ವಾಪಸ್ ಬರುತ್ತದೆ. ಸೀಜರ್ ಬಂದ ಮಗು ಮುಟ್ಟಿದರೂ ಕರೆದರೂ ಬರುವುದಿಲ್ಲ, ಅದು ಮುಗಿದ ಮೇಲೆ ತಾನಾಗಿ ಬರುತ್ತದೆ. ಹಗಲುಗನಸು ಬೇಜಾರಾದಾಗ ಬರುವುದು ಹೆಚ್ಚು. ಸೀಜರ್ ಆಟದ ಮಧ್ಯೆ, ಮಾತಿನ ಮಧ್ಯೆ, ಯಾವಾಗ ಬೇಕಾದರೂ ಬರುತ್ತದೆ. ಅನುಮಾನ ಬಂದರೆ ಡಾಕ್ಟರಿಗೆ ತೋರಿಸಬೇಕು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 3 ಸಲ ಏಳುವ ಅಲೆಗಳು ಇದರ ಗುರುತು. ಔಷಧಿಯಿಂದ ಬಹಳ ಮಕ್ಕಳಲ್ಲಿ ಇದು ಹತೋಟಿಗೆ ಬರುತ್ತದೆ. ಇದನ್ನು ಮೊದಲು ಕಾಣುವ ಅವಕಾಶ ಹೆಚ್ಚಾಗಿ ಟೀಚರಿಗೇ ಇರುತ್ತದೆ. ಗಂಟೆಗಟ್ಟಲೆ ಮಗುವಿನ ಮುಖದ ಎದುರು ಇರುವವರು ಅವರೇ ಅಲ್ವಾ?

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆಯ ಬಗ್ಗೆಯೂ ಒಂದು ಮಾತು. ಆ ಹೆಸರು ಕೇಳಿದರೆ ಕೂತಲ್ಲಿ ಕೂರದ ಹುಡುಗ ಕಣ್ಣಿಗೆ ಬರುತ್ತಾನೆ. ಗದ್ದಲವೇ ಇಲ್ಲದ, ಗಮನ ಮಾತ್ರ ನಿಲ್ಲದ ಬಗೆಯೂ ಇದೆ. ಹೆಣ್ಣುಮಕ್ಕಳಲ್ಲಿ ಅದು ಬಹಳ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಅವರು ಯಾರಿಗೂ ತೊಂದರೆ ಕೊಡುವುದಿಲ್ಲ. "ಒಳ್ಳೆ ಹುಡುಗಿ, ಸ್ವಲ್ಪ ಮಂದ" ಅಂತ ಹೇಳಿ ಬಿಟ್ಟುಬಿಡುತ್ತಾರೆ. ಹಾಗಂತ ಕಿಟಕಿ ನೋಡಿದವರಿಗೆಲ್ಲ ಈ ಹೆಸರು ಅಂಟಿಸುವುದೂ ತಪ್ಪು. ಲಕ್ಷಣಗಳು 12 ವರ್ಷದ ಒಳಗೆ ಶುರುವಾಗಿರಬೇಕು, ಶಾಲೆಯಲ್ಲಿ ಮಾತ್ರ ಅಲ್ಲದೆ ಇನ್ನೊಂದು ಕಡೆಯೂ ಕಾಣಬೇಕು, ದಿನದ ಬದುಕಿಗೆ ಅಡ್ಡಿಯಾಗುತ್ತಿರಬೇಕು. ಅದನ್ನು ತೀರ್ಮಾನ ಮಾಡುವುದು ತಜ್ಞರ ಕೆಲಸ.

ಈಗ ಗದರಿಕೆಗೆ ಬರುತ್ತೇನೆ. ಎಲ್ಲರ ಎದುರು ಎಬ್ಬಿಸಿ ನಿಲ್ಲಿಸಿದಾಗ ಮಗುವಿನ ತಲೆಯಲ್ಲಿ ಏನಾಗುತ್ತದೆ? ಲೆಕ್ಕ ಮಾಡಲು, ಮಾತು ಹಿಡಿದಿಡಲು ಬೇಕಾದ ಜಾಗ ತಲೆಯಲ್ಲಿ ಬಹಳ ಚಿಕ್ಕದು. ಅವಮಾನ ಮತ್ತು ಭಯ ಆ ಜಾಗಕ್ಕೇ ಬಂದು ಕೂರುತ್ತವೆ. ಮುಂದಿನ ಹತ್ತು ನಿಮಿಷ ಮಗು ನೆಟ್ಟಗೆ ಬೋರ್ಡು ನೋಡುತ್ತದೆ. ಒಳಗೆ ಓಡುತ್ತಿರುವುದು "ಎಲ್ಲರೂ ನಕ್ಕರು" ಅನ್ನುವ ಒಂದೇ ಮಾತು. ಅಂದರೆ ಸಣ್ಣ ಕನಸನ್ನು ಒಡೆದು ಅದಕ್ಕಿಂತ ದೊಡ್ಡ, ನೋವಿನ ಕನಸನ್ನು ನಾವೇ ಕೊಟ್ಟ ಹಾಗಾಯಿತು. ದಿನಾ ಹೀಗೆ ಆದರೆ ಮಗು ಒಂದು ವಿದ್ಯೆ ಕಲಿಯುತ್ತದೆ: ಗಮನ ಕೊಟ್ಟ ಹಾಗೆ ಕಾಣುವುದು. ಕಣ್ಣು ಅರಳಿಸಿ, ನಡುನಡುವೆ ತಲೆ ಆಡಿಸಿ, ಮನಸ್ಸನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು. ಆ ಮಗುವನ್ನು ಆಮೇಲೆ ಹಿಡಿಯುವುದು ಬಹಳ ಕಷ್ಟ, ಯಾಕೆಂದರೆ ಅದು ಈಗ ಕಿಟಕಿ ನೋಡುವುದೇ ಇಲ್ಲ.

ಒಳ್ಳೆಯ ಟೀಚರುಗಳು ಬೇರೆ ಥರ ಕರೆಯುವುದನ್ನು ನಾನು ನೋಡಿದ್ದೇನೆ. ಒಬ್ಬರು ಪಾಠ ನಿಲ್ಲಿಸದೆ, ಮಾತಾಡುತ್ತಲೇ ಆ ಬೆಂಚಿನ ಹತ್ತಿರ ನಡೆದು ಹೋಗುತ್ತಿದ್ದರು. ಮಗುವಿನ ಪುಸ್ತಕದ ಮೇಲೆ, ಪಾಠ ಎಲ್ಲಿದೆಯೋ ಆ ಸಾಲಿನ ಹತ್ತಿರ ಬೆರಳು ಇಟ್ಟು ಮುಂದೆ ಹೋಗುತ್ತಿದ್ದರು. ಅಷ್ಟೇ. ಪಕ್ಕದ ಮಗುವಿಗೂ ಗೊತ್ತಾಗುತ್ತಿರಲಿಲ್ಲ. ಆ ಬೆರಳು ಮಗುವಿಗೆ ವಾಪಸ್ ಬರುವ ದಾರಿ ತೋರಿಸುತ್ತಿತ್ತು. ಹೆಸರು ಹಿಡಿದು ಕೂಗಿದರೆ ಆ ದಾರಿ ಸಿಗುವುದಿಲ್ಲ, ಮಗು ಎಚ್ಚರವಾಗುತ್ತದೆ, ಆದರೆ ಪಾಠ ಎಲ್ಲಿದೆ ಅಂತ ಹುಡುಕುತ್ತಾ ನಿಲ್ಲುತ್ತದೆ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಕ್ಲಾಸುಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಟೀಚರುಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡು ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಪಾಠದ ನಡುವೆ ಸಣ್ಣ ಸಣ್ಣ ಪ್ರಶ್ನೆ ಇಡುವುದಕ್ಕೂ ಬಲ ಇದೆ. ಹಾರ್ವರ್ಡ್‌ನ ಕಾರ್ಲ್ ಸ್ಪುನಾರ್ ಮತ್ತು ಜೊತೆಯವರು 2013ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ವಿಡಿಯೊ ಪಾಠ ತೋರಿಸಿದರು. ನಡುನಡುವೆ ಪುಟ್ಟ ಪರೀಕ್ಷೆ ಇದ್ದವರಲ್ಲಿ ಮನಸ್ಸು ಅಲೆದದ್ದು ಸುಮಾರು ಅರ್ಧಕ್ಕೆ ಇಳಿಯಿತು. ಕೊನೆಯ ಪರೀಕ್ಷೆಯ ಭಯವೂ ಕಡಿಮೆಯಾಯಿತು. ಮಕ್ಕಳಿಗೆ ಇದನ್ನು ಆಟದ ಹಾಗೆ ಮಾಡಬಹುದು: ಎರಡು ವಾಕ್ಯ ಬರೆಯಿರಿ, ಪಕ್ಕದವರಿಗೆ ಹೇಳಿ, ಆಮೇಲೆ ನಮಗೆ ಹೇಳಿ. ಕೈಗೆ ಕೆಲಸ ಇದ್ದಾಗ ಮನಸ್ಸು ದೂರ ಹೋಗುವುದು ಕಡಿಮೆ.

ಗೋಡೆಗಳ ಬಗ್ಗೆಯೂ ಹೇಳಬೇಕು, ಯಾಕೆಂದರೆ ಇದನ್ನು ಕೇಳಿ ನನಗೂ ಆಶ್ಚರ್ಯವಾಗಿತ್ತು. ಪುಟ್ಟ ಮಕ್ಕಳ ಕ್ಲಾಸನ್ನು ಚಿತ್ರ, ಚಾರ್ಟು, ಬಣ್ಣದ ಕಾಗದದಿಂದ ತುಂಬಿಬಿಡುತ್ತೇವೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅನ್ನಾ ಫಿಶರ್ ತಂಡ 2014ರಲ್ಲಿ ಅದೇ ಮಕ್ಕಳಿಗೆ ಗೋಡೆ ತುಂಬಿದ ಕೋಣೆಯಲ್ಲೂ, ಖಾಲಿ ಗೋಡೆಯ ಕೋಣೆಯಲ್ಲೂ ಪಾಠ ಮಾಡಿಸಿತು. ತುಂಬಿದ ಕೋಣೆಯಲ್ಲಿ ಮಕ್ಕಳು ಪಾಠ ಬಿಟ್ಟು ಬೇರೆ ಕಡೆ ಇದ್ದ ಹೊತ್ತು 38.6 ಶೇಕಡ, ಖಾಲಿ ಕೋಣೆಯಲ್ಲಿ 28.4. ಕಲಿತದ್ದೂ ಖಾಲಿ ಕೋಣೆಯಲ್ಲೇ ಹೆಚ್ಚು. ಪ್ರಯೋಗ ಚಿಕ್ಕದು, ಇದ್ದದ್ದು 24 ಮಕ್ಕಳು. ಆದರೂ ಬೋರ್ಡಿನ ಸುತ್ತಲಿನ ಜಾಗವನ್ನಾದರೂ ಸ್ವಲ್ಪ ಖಾಲಿ ಬಿಟ್ಟರೆ ನಷ್ಟವೇನೂ ಇಲ್ಲ.

ಇಷ್ಟೆಲ್ಲ ಟೀಚರುಗಳ ಮೇಲೇ ಹೊರಿಸುವುದು ಅನ್ಯಾಯ ಅನ್ನುವುದೂ ನನಗೆ ಗೊತ್ತು. ಮುಗಿಸಬೇಕಾದ ಪಾಠಗಳ ಪಟ್ಟಿ ತಲೆ ಮೇಲೆ ಕೂತಿರುತ್ತದೆ. ಕೋಣೆಯ ತುಂಬ ಮಕ್ಕಳಿದ್ದಾಗ ಒಬ್ಬೊಬ್ಬರ ಮುಖ ಓದುವುದು ಹೇಗೆ? ದಣಿದ ಟೀಚರ ಬಾಯಿಂದ ಗದರಿಕೆ ತಾನಾಗಿ ಬಂದುಬಿಡುತ್ತದೆ. ಕ್ಲಾಸಿನ ಗಾತ್ರ ಕಡಿಮೆ ಮಾಡದೆ, ಪಾಠದ ಭಾರ ಇಳಿಸದೆ ತಾಳ್ಮೆ ಮಾತ್ರ ಕೇಳಿದರೆ ಅದು ಬಾಯಿಮಾತಾಗುತ್ತದೆ. ತಂದೆತಾಯಿಯ ಪಾಲೂ ಇದೆ. "ನಿಮ್ಮ ಮಗ ಕ್ಲಾಸಿನಲ್ಲಿ ಕನಸು ಕಾಣ್ತಾನೆ" ಅಂತ ಶಾಲೆಯಿಂದ ಮಾತು ಬಂದಾಗ ಮನೆಯಲ್ಲಿ ಎರಡನೇ ಸುತ್ತಿನ ಗದರಿಕೆ ಶುರುವಾಗುತ್ತದೆ. ಅದರ ಬದಲು ಕೇಳಬೇಕಾದ್ದು ಬೇರೆ: ಯಾವ ಪಾಠದಲ್ಲಿ? ದಿನದ ಯಾವ ಹೊತ್ತಿನಲ್ಲಿ? ಮುಟ್ಟಿದರೆ ವಾಪಸ್ ಬರುತ್ತಾನಾ? ಯಾವಾಗಿನಿಂದ? ಹೋದ ವರ್ಷ ಹೀಗೆ ಇರಲಿಲ್ಲ, ಈಗ ಶುರುವಾಗಿದೆ ಅಂದರೆ ಮಗುವಿನ ಬದುಕಿನಲ್ಲಿ ಏನೋ ಬದಲಾಗಿದೆ.

ಆ ಹುಡುಗಿಯ ಪ್ರಶ್ನೆಗೆ ನಾನು ಅವತ್ತೇ ಉತ್ತರ ಕೊಡಲಿಲ್ಲ. ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳಿದೆ, ನಾಳೆ ಮಾತಾಡೋಣ ಅಂದೆ. ಮರುದಿನ ಪೆನ್ಸಿಲ್ ಬಾಕ್ಸುಗಳನ್ನು ತಂದು ಮೇಜಿನ ಮೇಲಿಟ್ಟೆ. ಒಂದೊಂದರಲ್ಲಿ ಐದೈದು ಪೆನ್ಸಿಲು. ಮೂರು ಬಾಕ್ಸ್ ಇಟ್ಟರೆ ಎಷ್ಟು? ಹದಿನೈದು ಅಂತ ಇಡೀ ಕ್ಲಾಸು ಕೂಗಿತು. ಎರಡು ಇಟ್ಟರೆ? ಒಂದು ಇಟ್ಟರೆ? ಆಮೇಲೆ ಅದನ್ನೂ ತೆಗೆದು ಮೇಜು ಖಾಲಿ ಮಾಡಿದೆ. ಈಗ ಎಷ್ಟು ಅಂತ ಅವಳನ್ನೇ ಕೇಳಿದೆ. ಅವಳು ಮೇಜು ನೋಡಿದಳು, ಆಮೇಲೆ ಅದೇ ಗೋಡೆಯ ಕಡೆ ತಿರುಗಿದಳು. ಈ ಸಲ ನಾನು ಕಾದೆ. ಮೂರು ಸೆಕೆಂಡಿಗಿಂತ ಜಾಸ್ತಿಯೇ ಆಯಿತು. ಕ್ಲಾಸಿನಲ್ಲಿ ಒಬ್ಬಿಬ್ಬರು ಕೈ ಎತ್ತಿದರು, ಸುಮ್ಮನಿರಿ ಅಂತ ಸನ್ನೆ ಮಾಡಿದೆ.

"ಐದು ಎಲ್ಲೂ ಹೋಗಿಲ್ಲ ಟೀಚರ್," ಅಂದಳು ಗೋಡೆ ನೋಡುತ್ತಲೇ. "ಅದು ಬಂದೇ ಇರ್ಲಿಲ್ಲ."